ತೊಟ್ಟಿಗೆ ಯಾವ ಮೀನು ಬಿಡಬೇಕು?

ಸೊಳ್ಳೆಮರಿ ತಿನ್ನಲು ನೀರಿಗೆ ಮೀನು ಬಿಡಿ ಎಂದು ಆರೋಗ್ಯ ಇಲಾಖೆಯವರು ಪ್ರತಿ ಮಳೆಗಾಲದಲ್ಲೂ ಹೇಳುತ್ತಾರೆ. ಒಳ್ಳೆಯ ಮಾತು. ಆದರೆ ಯಾವ ಮೀನು? ಈ ಪ್ರಶ್ನೆ ಕೇಳಿದವನು ಆರನೇ ತರಗತಿಯ ನನ್ನ ಮೊಮ್ಮಗ. ಹಿಂದಿನ ವರ್ಷ ಅವನ ತಂಗಿ ಡೆಂಗಿ ಜ್ವರದಿಂದ ಐದು ದಿನ ಮೈಸೂರಿನ ಆಸ್ಪತ್ರೆಯಲ್ಲಿದ್ದಳು. ದಿನಾ ಬೆಳಿಗ್ಗೆ ಪ್ಲೇಟ್‌ಲೆಟ್ ಎಣಿಕೆಯನ್ನು ಚೀಟಿಯಲ್ಲಿ ಬರೆದಿಡುವುದು ನನ್ನ ಕೆಲಸ. ಬ್ಯಾಂಕಿನಲ್ಲಿ ಜೀವಮಾನವೆಲ್ಲ ಅಂಕಿ ಬರೆದವನು ನಾನು. ಯಾವ ಅಂಕಿಗೂ ನನ್ನ ಕೈ ಹಾಗೆ ನಡುಗಿರಲಿಲ್ಲ. ಮಗು ಮನೆಗೆ ಬಂದ ಮೇಲೆ ಅವಳಣ್ಣ ಹಿತ್ತಲಿನ ದನದ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು, "ತಾತ, ಇದರಲ್ಲಿ ಎಷ್ಟು ಹುಳ ಕುಣೀತಾ ಅವೆ ನೋಡು" ಎಂದ. ಅವು ಸೊಳ್ಳೆಮರಿಗಳು.

ತೊಟ್ಟಿಯ ನೀರಿಗೂ ಸೊಳ್ಳೆಗೂ ಇರುವ ನಂಟನ್ನು ನಮ್ಮ ನಾಡಿನಲ್ಲೇ ಒಬ್ಬರು ಕಂಡಿದ್ದರು. 1883ರಲ್ಲಿ ರೊನಾಲ್ಡ್ ರಾಸ್ ಎಂಬ ಯುವ ವೈದ್ಯರು ಬೆಂಗಳೂರಿನ ದಂಡಿನಲ್ಲಿದ್ದರು. ಅವರ ಬಂಗಲೆಯಲ್ಲಿ ಸೊಳ್ಳೆ ಕಾಟ. ಕಿಟಕಿಯಾಚೆ ನೋಡಿದರೆ ನೀರು ತುಂಬಿದ ಒಂದು ತೊಟ್ಟಿ, ಅದರ ತುಂಬ ಮರಿ. ತೊಟ್ಟಿ ಬೋರಲು ಹಾಕಿಸಿದರು, ಕಾಟ ನಿಂತಿತು. ಮುಂದೆ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ರೋಗಾಣುವನ್ನು ಕಂಡವರೂ ಇವರೇ. 1902ರಲ್ಲಿ ನೊಬೆಲ್ ಬಂತು.

ನಮ್ಮ ಮಂಡ್ಯ ಸೀಮೆಗೂ ಈ ಕಥೆ ಹೊಸದಲ್ಲ. ಕನ್ನಂಬಾಡಿಯ ನಾಲೆ ನೀರು ಬಂದಾಗ ಭತ್ತ, ಕಬ್ಬಿನ ಜೊತೆಗೆ ಚಳಿಜ್ವರವೂ ಬಂದಿತ್ತು. ಮೈಸೂರು ಸಂಸ್ಥಾನದವರು ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಶ್ರೀರಂಗಪಟ್ಟಣದ ಬಳಿಯ ನಾಗೇನಹಳ್ಳಿಯಲ್ಲಿ ಮಲೇರಿಯಾ ಕೇಂದ್ರವನ್ನೇ ತೆರೆದಿದ್ದರು. ಈಚೆಗೆ ಕೋಲಾರ, ಹಾಸನ ಜಿಲ್ಲೆಗಳ ಹಳ್ಳಿಗಳಲ್ಲಿ ಬಾವಿಗೆ ಮೀನು ಬಿಟ್ಟು ಮಲೇರಿಯಾ ಇಳಿದದ್ದನ್ನು ಸಂಶೋಧಕರು ದಾಖಲಿಸಿದ್ದಾರೆ. ಆದ್ದರಿಂದ ಮೀನು ಕೆಲಸ ಮಾಡುತ್ತದೋ ಇಲ್ಲವೋ ಎಂಬ ಚರ್ಚೆ ನಮ್ಮ ಮನೆಯಲ್ಲಿ ನಡೆಯಲಿಲ್ಲ.

ಇಲಾಖೆಯವರು ಕೊಡುವುದು ಎರಡು ಜಾತಿ: ಗಪ್ಪಿ ಮತ್ತು ಗ್ಯಾಂಬೂಸಿಯಾ. ಗಪ್ಪಿ ದಕ್ಷಿಣ ಅಮೆರಿಕದ್ದು, 1908ರಲ್ಲಿ ಭಾರತಕ್ಕೆ ಬಂತು. ಟ್ರಿನಿಡಾಡ್ ದ್ವೀಪದಿಂದ ಇದನ್ನು ಲಂಡನ್ನಿನ ಮ್ಯೂಸಿಯಮ್ಮಿಗೆ ಕಳಿಸಿದ ಗಪ್ಪಿ ಎಂಬ ಮಹನೀಯರ ಹೆಸರೇ ಮೀನಿಗೆ ಅಂಟಿತು. ಗಂಡು ಬಣ್ಣದ ಬಾಲದ ಷೋಕಿಲಾಲ, ಒಂದು ಅಂಗುಲವಿದ್ದರೆ ಹೆಚ್ಚು. ಹೆಣ್ಣು ಮಂಕು ಬಣ್ಣದ್ದು, ಆದರೆ ದೊಡ್ಡದು, ಹೊಟ್ಟೆಬಾಕಿ. ಮೊಟ್ಟೆ ಇಡುವುದಿಲ್ಲ, ನಾಲ್ಕು ವಾರಕ್ಕೊಮ್ಮೆ ಮರಿಯನ್ನೇ ಹಾಕುತ್ತದೆ. ಸ್ವಲ್ಪ ಕೊಳಕು ನೀರಾದರೂ ಬದುಕುತ್ತದೆ.

ಗ್ಯಾಂಬೂಸಿಯಾ 1928ರಲ್ಲಿ ಇಟಲಿಯಿಂದ ಬಂದದ್ದು. ಮೂಲ ಊರು ಅಮೆರಿಕ. ಕ್ಯೂಬಾದವರ ಆಡುಮಾತಿನಲ್ಲಿ ಆ ಹೆಸರಿನ ಅರ್ಥ 'ಕೆಲಸಕ್ಕೆ ಬಾರದ್ದು' ಎಂದಂತೆ. ಪಾಪ, ಸೊಳ್ಳೆಮರಿ ತಿನ್ನುವುದರಲ್ಲಿ ಅದು ಭಾರಿ ಕೆಲಸಗಾರ. ಬೆಳೆದ ಒಂದು ಮೀನು ದಿನಕ್ಕೆ ನೂರಕ್ಕೂ ಹೆಚ್ಚು ಮರಿ ನುಂಗುತ್ತದೆ. ತೊಂದರೆ ಏನೆಂದರೆ ಅದು ಅಲ್ಲಿಗೇ ನಿಲ್ಲಿಸುವುದಿಲ್ಲ. ಕಪ್ಪೆಯ ಮೊಟ್ಟೆ, ಗೊದಮೊಟ್ಟೆ, ಬೇರೆ ಮೀನಿನ ಮರಿ ಯಾವುದನ್ನೂ ಬಿಡುವುದಿಲ್ಲ; ದೊಡ್ಡ ಮೀನಿನ ರೆಕ್ಕೆಯನ್ನೂ ಕಚ್ಚಿ ಹರಿಯುತ್ತದೆ. ಪ್ರಪಂಚದ ನೂರು ಕೆಟ್ಟ ದಾಳಿಕೋರ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ.

ಇಲ್ಲಿ ನಮ್ಮ ಅಕ್ಕಿಹೆಬ್ಬಾಳಿನ ನೆಲ ನೋಡಬೇಕು. ಊರಿನ ಮಗ್ಗುಲಲ್ಲೇ ಹೇಮಾವತಿ. ನಮ್ಮ ದನದ ತೊಟ್ಟಿ ತುಂಬಿ ಹರಿದ ನೀರು ಗದ್ದೆಯ ಕಾಲುವೆಗೆ, ಕಾಲುವೆಯಿಂದ ಹೊಳೆಗೆ, ಅಲ್ಲಿಂದ ಕನ್ನಂಬಾಡಿ ಕಟ್ಟೆಯ ಹಿನ್ನೀರಿಗೆ. ತೊಟ್ಟಿಗೆ ಬಿಟ್ಟದ್ದೆಲ್ಲ ಒಂದು ದಿನ ಹೊಳೆಗೆ ಬಿಟ್ಟಂತೆಯೇ ಲೆಕ್ಕ. ಇದನ್ನು ಹೇಳಿದಾಗ ಮೊಮ್ಮಗ, "ಹಂಗಾದ್ರೆ ಹೊಳೇಲೇ ಇರೋ ಮೀನು ಹಿಡಿಯೋಣ ತಾತ" ಎಂದ. ನನ್ನ ಹೆಂಡತಿ, ಮಾಂಸ ಮೀನು ಮುಟ್ಟದವಳು, ಹಳೇ ಸೊಳ್ಳೆಪರದೆ ಕತ್ತರಿಸಿ ಬಲೆ ಹೊಲಿದುಕೊಟ್ಟಳು. ಪಕ್ಕದ ಮನೆಯವರು ಜಿಲೇಬಿ ಮೀನು ಬಿಡಿ, ಬೆಳೆದರೆ ಸಾರಿಗಾಯಿತು ಎಂದರು. ಅದೂ ಹೊರಗಿನದೇ, ಹೊಳೆಯನ್ನು ಆಗಲೇ ತುಂಬಿಕೊಂಡಿದೆ. ಬೇಡವೆಂದೆವು.

ಕಾಲುವೆಯಲ್ಲಿ ಎರಡು ಬಗೆ ಸಿಕ್ಕಿತು. ಒಂದು ಬೆಳ್ಳಿ ಬಣ್ಣದ ಸಾಸಲು. ಇನ್ನೊಂದು ಹೆಬ್ಬೆರಳಿಗಿಂತ ಸ್ವಲ್ಪ ಉದ್ದದ್ದು. ಮೈಮೇಲೆ ಚಿನ್ನದ ಚುಕ್ಕಿಸಾಲು, ನೆತ್ತಿಯ ಮೇಲೆ ಮಿನುಗುವ ಬಿಳಿ ಬೊಟ್ಟು, ಬಾಯಿ ಮೇಲ್ಮುಖ. ಪುಸ್ತಕದಲ್ಲಿ ಇದಕ್ಕೆ ಆಪ್ಲೊಕೈಲಸ್ ಎಂದಿದೆ. ನಮ್ಮ ಮನೆಯಲ್ಲಿ ಬೊಟ್ಟಿನ ಮೀನು. ನೀರಿನ ಮೇಲ್ಪದರದಲ್ಲೇ ಓಡಾಡುತ್ತದೆ. ಸೊಳ್ಳೆಮರಿ ಉಸಿರಾಡಲು ಮೇಲೆ ಬರಲೇಬೇಕಲ್ಲ, ಅಲ್ಲೇ ಕಾದಿರುತ್ತದೆ.

ಪರೀಕ್ಷೆ ಮಾಡಿದೆವು. ನಾಲ್ಕು ಗಾಜಿನ ಜಾಡಿ, ಒಂದೊಂದಕ್ಕೆ ಒಂದೊಂದು ಮೀನು, ಎಣಿಸಿ ಇಪ್ಪತ್ತಿಪ್ಪತ್ತು ಮರಿ. ಗಪ್ಪಿಗಳನ್ನು ಆಶಾ ಕಾರ್ಯಕರ್ತೆ ತಂದುಕೊಟ್ಟಿದ್ದರು. ಬೊಟ್ಟಿನ ಮೀನು ನಾವು ಕಾಫಿ ಕುಡಿದು ಲೋಟ ಇಡುವಷ್ಟರಲ್ಲಿ ಇಪ್ಪತ್ತನ್ನೂ ಮುಗಿಸಿತ್ತು. ಹೆಣ್ಣು ಗಪ್ಪಿ ಮಧ್ಯಾಹ್ನದೊಳಗೆ ಖಾಲಿ ಮಾಡಿತು. ಗಂಡು ಗಪ್ಪಿ ಸಂಜೆಗೆ ಏಳು ಉಳಿಸಿತ್ತು. ಸಾಸಲು ಹೆದರಿ ಮೂಲೆಯಲ್ಲಿ ನಿಂತದ್ದು ನಿಂತೇ ಇತ್ತು. ಅದನ್ನು ಕಾಲುವೆಗೆ ವಾಪಸು ಬಿಟ್ಟೆವು. ಒಂದೇ ದಿನದ, ಒಂದೊಂದೇ ಮೀನಿನ ಪರೀಕ್ಷೆ, ವಿಜ್ಞಾನಿಗಳು ಒಪ್ಪಲಿಕ್ಕಿಲ್ಲ. ನಮ್ಮ ತೊಟ್ಟಿಗೆ ಸಾಕು.

ಬೊಟ್ಟಿನ ಮೀನಿಗೂ ದೋಷವಿದೆ: ಎಗರುತ್ತದೆ. ತೊಟ್ಟಿ ಕಂಠಮಟ್ಟ ತುಂಬಿಸಬಾರದು. ಗಪ್ಪಿಯ ಜೊತೆ ಇಟ್ಟರೆ ಗಪ್ಪಿಮರಿಗಳನ್ನು ಸೊಳ್ಳೆಮರಿಯಂತೆಯೇ ನುಂಗುತ್ತದೆ. ಹೀಗಾಗಿ ದನದ ತೊಟ್ಟಿಗೆ ಎಂಟು ಬೊಟ್ಟಿನ ಮೀನು, ಹೊರಗೆ ಹರಿಯದ ತಾವರೆ ಕುಂಡಕ್ಕೆ ಗಪ್ಪಿ ಎಂದು ಪಾಲು ಮಾಡಿದೆವು.

ಬೆಂಗಳೂರಿನ ನನ್ನ ಮಗಳ ಮನೆಯಲ್ಲಿ ಉಪ್ಪುನೀರಿನ ಪುಟ್ಟ ಗಾಜಿನ ತೊಟ್ಟಿಯಿದೆ, ಒಳಗೆ ಜೀವಂತ ಹವಳ. ಅಲ್ಲೂ ಇದೇ ರಗಳೆ. ಐಪ್ಟೇಸಿಯಾ ಎಂಬ ಪುಟ್ಟ ಕಳೆಜೀವಿ ಹಬ್ಬಿ ಹವಳವನ್ನು ಚುಚ್ಚುತ್ತದೆ. ಚೂರು ಮಾಡಿದರೆ ಚೂರುಗಳೇ ಮತ್ತೆ ಬೆಳೆಯುತ್ತವೆ. ಅಂಗಡಿಯವನು ಉದ್ದ ಮೂತಿಯ ಚಿಟ್ಟೆಮೀನು ಹಾಕಿ ಎಂದನಂತೆ. ಅದು ಗೇಣುದ್ದ ಬೆಳೆಯುವ ಮೀನು, ಸಣ್ಣ ತೊಟ್ಟಿಯಲ್ಲಿ ಉಪವಾಸ ಬಿದ್ದು ಸಾಯುತ್ತದೆ. ಕೆಲವು ಕಳೆ ಬಿಟ್ಟು ಹವಳವನ್ನೇ ಕುಕ್ಕುತ್ತವೆ. ಆರು ಗೆರೆಯ ರ‍್ಯಾಸ್ ಮೀನು ಚಪ್ಪಟೆ ಹುಳ ತಿನ್ನುತ್ತದೆ ನಿಜ, ಆಮೇಲೆ ಜೊತೆಯ ಮೀನುಗಳನ್ನು ಅಟ್ಟಾಡಿಸುತ್ತದೆ. ಕೊನೆಗೆ ಮೀನೇ ಬೇಡವೆಂದು ಪೆಪ್ಪರ್‌ಮಿಂಟ್ ಸೀಗಡಿ ತಂದಳು. "ಹುಳ ತಿನ್ನುತ್ತಾ ಅಂತ ಮಾತ್ರ ಕೇಳಬೇಡ, ಹುಳ ಮುಗಿದ ಮೇಲೆ ಏನು ತಿನ್ನುತ್ತೆ ಅಂತಾನೂ ಕೇಳು" ಎಂದು ನಾನು ಫೋನಿನಲ್ಲಿ ಹೇಳಿದ್ದೆ.

ಮಕ್ಕಳೇ, ಮೀನು ಬಿಟ್ಟೆವೆಂದು ಡೆಂಗಿಯ ಕಡತ ಮುಚ್ಚಬೇಡಿ. ಹಗಲು ಕಚ್ಚುವ ಈ ಈಡಿಸ್ ಸೊಳ್ಳೆಗೆ ತೆಂಗಿನ ಚಿಪ್ಪು, ಹಳೇ ಟೈರು, ಫ್ರಿಜ್ಜಿನ ಹಿಂದಿನ ತಟ್ಟೆಯ ನೀರೇ ಸಾಕು. ಅಲ್ಲಿ ಯಾವ ಮೀನು ಈಜೀತು? ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ. ಮೊಟ್ಟೆ ಪಾತ್ರೆಯ ಗೋಡೆಗೆ ಅಂಟಿ ತಿಂಗಳುಗಟ್ಟಲೆ ಒಣಗಿದ್ದರೂ ಸಾಯುವುದಿಲ್ಲ. ಆದ್ದರಿಂದ ನೀರು ಚೆಲ್ಲಿದರೆ ಸಾಲದು, ವಾರಕ್ಕೊಮ್ಮೆ ಉಜ್ಜಿ ತೊಳೆಯಬೇಕು. ನಮ್ಮಲ್ಲಿ ಭಾನುವಾರದ ಆ ಕೆಲಸ ಜ್ವರದಿಂದ ಎದ್ದ ಮೊಮ್ಮಗಳದು. ತೆಂಗಿನ ನಾರು ಹಿಡಿದು ಡ್ರಮ್ಮಿನೊಳಗೆ ಅರ್ಧ ಇಳಿದೇಬಿಡುತ್ತಾಳೆ.

ತಾವರೆ ಕುಂಡದ ಗಪ್ಪಿಗಳು ಈಗ ಲೆಕ್ಕಕ್ಕೆ ಸಿಗದಷ್ಟಾಗಿವೆ. ಮನೆಯೊಳಗಿನ ತೊಟ್ಟಿಗೆ ಬೇಕಾದವರು ಪಾತ್ರೆ ತನ್ನಿ, ಕೊಡುತ್ತೇವೆ. ಹೊಳೆಯ ಅಂಚಿನ ಹೊಂಡಕ್ಕೆ ಬಿಡುತ್ತೇವೆ ಎನ್ನುವವರಿಗೆ ಮಾತ್ರ ನನ್ನ ಮೊಮ್ಮಗ ಕೊಡುವುದಿಲ್ಲ.