ಮಕ್ಕಳ ದವಡೆಯ ದ್ರವಕೋಶ: ನಿದಾನ ಮತ್ತು ಚಿಕಿತ್ಸೆ

ಕೊಳ್ಳೇಗಾಲದ ಸತ್ತೇಗಾಲದಲ್ಲಾಗಲಿ ಅನ್ಯತ್ರವಾಗಲಿ, ಮಗುವಿನ ದವಡೆ ಊದಿದರೆ ಅದನ್ನು ಹುಳುಕುಹಲ್ಲಿನ ಬಾವೆಂದೇ ಬಗೆಯುವುದು ವಾಡಿಕೆ. ಆದರೆ ಎಲ್ಲ ಊತವೂ ಬರಿಯ ಕೀವಿನದಲ್ಲ. ಇನ್ನೂ ಹೊರಮೂಡದ ಶಾಶ್ವತ ದಂತದ ಶಿರೋಭಾಗಕ್ಕೂ ಅದನ್ನು ಆವರಿಸಿದ ಪೊರೆಗೂ ನಡುವೆ ದ್ರವ ಶೇಖರವಾಗಿ ಬೆಳೆಯುವ ಚೀಲವೊಂದುಂಟು. ದಂತವೈದ್ಯರು ಡೆಂಟಿಜೆರಸ್ ಸಿಸ್ಟ್ ಎನ್ನುವ ಇದನ್ನು ನಾವು ದ್ರವಕೋಶವೆಂದು ಕರೆಯೋಣ. ಒಳಗಿರುವ ಹಲ್ಲನ್ನು ಉಳಿಸಿಕೊಳ್ಳಬಹುದೇ ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ.

ಮೊದಲು ಒಂದು ಭೇದವನ್ನು ಗಮನಿಸಬೇಕು. ಹಲ್ಲು ಮೂಡುವೆಡೆಯಲ್ಲಿ ಒಸಡಿನ ಮೇಲೆಯೇ ಕಾಣುವ ನೀಲಿ ಛಾಯೆಯ ಮೆದು ಗುಳ್ಳೆ ಸಾಮಾನ್ಯವಾಗಿ ಹಲ್ಲು ಹೊರಬಂದೊಡನೆ ತಾನಾಗಿ ಅಡಗುತ್ತದೆ. ನೋವು, ಸೋಂಕುಗಳಿಲ್ಲದಿದ್ದರೆ ಕಾಯ್ದು ನೋಡಿದರೆ ಸಾಕು. ಮೂಳೆಯೊಳಗಿನ ಕೋಶದ ಗತಿ ಬೇರೆ. ಅದು ಬಹುಕಾಲ ನೋವಿಲ್ಲದೆ ಬೆಳೆದು ಮೂಳೆಯನ್ನು ಸವೆಸುತ್ತದೆ, ನೆರೆಯ ಹಲ್ಲುಗಳನ್ನು ಸರಿಸುತ್ತದೆ. ಹುಳುಕು ಹಿಡಿದ ಹಾಲುಹಲ್ಲಿನ ಬೇರಿನ ಸೋಂಕು ಕೆಳಗಿನ ಹಲ್ಲಿನ ಪೊರೆಗೆ ತಗುಲುವುದೂ ಮಕ್ಕಳಲ್ಲಿ ಇದಕ್ಕೊಂದು ಕಾರಣ.

1895ರಲ್ಲಿ ರೋಂಟ್ಗೆನ್ ಕ್ಷ-ಕಿರಣವನ್ನು ಕಂಡುಹಿಡಿಯುವವರೆಗೆ ಈ ಒಳಸ್ಥಿತಿ ವೈದ್ಯರ ಕಣ್ಣಿಗೆ ಗೋಚರವಾಗುತ್ತಿರಲಿಲ್ಲ. ಈಗ ಚಿತ್ರದಲ್ಲಿ ಹಲ್ಲಿನ ಶಿರವನ್ನು ಸುತ್ತಿದ, ಸ್ಪಷ್ಟ ಅಂಚಿನ ಕಪ್ಪು ವಲಯ ಕಾಣುತ್ತದೆ. ಅನ್ಯ ರೋಗಗಳೂ ಹೀಗೆಯೇ ತೋರಬಹುದಾದುದರಿಂದ ಪೊರೆಯ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ನಿರ್ಣಯಿಸಬೇಕು.

ಚಿಕಿತ್ಸೆ ಎರಡು ಬಗೆ. ಕೋಶವನ್ನು ಪೂರ್ಣವಾಗಿ ತೆಗೆಯುವುದು ಒಂದು. ಆಗ ಕೆಲವೊಮ್ಮೆ ಒಳಗಿನ ಹಲ್ಲೂ ಹೋಗುತ್ತದೆ. ಜರ್ಮನಿಯ ಕಾರ್ಲ್ ಪಾರ್ಚ್ 1892ರಲ್ಲಿ ವಿವರಿಸಿದ್ದು ಇನ್ನೊಂದು: ಕೋಶಕ್ಕೆ ಬಾಯೊಳಗೆ ಕಿಂಡಿ ತೆರೆದು ದ್ರವ ಹರಿಯಗೊಡುವುದು. ಅಡ್ಡವಾಗಿರುವ ಹಾಲುಹಲ್ಲನ್ನು ಕಿತ್ತು ಹೀಗೆ ಮಾಡಿದರೆ ಒತ್ತಡ ಇಳಿದು ಹೊಸ ಮೂಳೆ ತುಂಬುತ್ತದೆ. ಬೇರು ಇನ್ನೂ ಬೆಳೆಯುತ್ತಿರುವ ಎಳೆಯ ಹಲ್ಲು ಅನೇಕ ವೇಳೆ ಕೆಲವು ತಿಂಗಳಲ್ಲಿ ತಾನೇ ಮೇಲೆದ್ದು ಬರುತ್ತದೆ. ವಯಸ್ಸು ಮೀರಿದಷ್ಟೂ ಈ ಅವಕಾಶ ಕುಗ್ಗುತ್ತದೆ.

ಹೀಗಿರಲು ರೋಗವನ್ನು ಸಕಾಲದಲ್ಲಿ ಗುರುತಿಸುವುದು ಎಲ್ಲಕ್ಕಿಂತ ಮುಖ್ಯ. 1956ರವರೆಗೆ ಕೊಳ್ಳೇಗಾಲವು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು 1958ರಲ್ಲಿ, ಮೈಸೂರಿನ ಜೆ.ಎಸ್.ಎಸ್. ದಂತವೈದ್ಯ ಕಾಲೇಜು 1986ರಲ್ಲಿ ಸ್ಥಾಪಿತವಾದವು. ಪರಿಣತರ ನೆರವು ಹೀಗೆ ಹತ್ತಿರ ಬಂದಿದ್ದರೂ ಮೊದಲ ಸಂಶಯ ಮನೆಯಲ್ಲಿ, ಶಾಲೆಯಲ್ಲಿ ಹುಟ್ಟಬೇಕು. ಒಂದು ಪಕ್ಕದ ಹಲ್ಲು ಮೂಡಿ 6 ತಿಂಗಳು ಕಳೆದರೂ ಇನ್ನೊಂದು ಪಕ್ಕದ ಅದೇ ಹಲ್ಲು ಕಾಣದಿದ್ದರೆ, ನೋವಿಲ್ಲವೆಂದು ಸುಮ್ಮನಿರದೆ ಮಗುವನ್ನು ದಂತವೈದ್ಯರಿಗೆ ತೋರಿಸುವುದು ಉಚಿತ.