ಅಡ್ಡಹೆಸರಿನಲ್ಲಿ ಉಳಿದ ಬಿಲ್ಲು

ನಮ್ಮ ಬ್ಯಾರಿಗಳಲ್ಲಿ ಪರಿಚಯ ಕೇಳಿದರೆ ಮೊದಲು ಬರುವುದು ಊರಿನ ಹೆಸರು, ಇಲ್ಲವೇ ಮನೆತನದ ಹೆಸರು. ಬೆಳಗಾವಿ ಕಡೆಯ ಮುಸ್ಲಿಮರಲ್ಲಿ ಎಷ್ಟೋ ಮನೆಗಳಿಗೆ ಕಸುಬೇ ಅಡ್ಡಹೆಸರು. ಗೋಲಂದಾಜ ಅಂದರೆ ಫಿರಂಗಿ ಹಾರಿಸುವವನು. ಸಿಕ್ಕಲಗಾರ ಅಂದರೆ ಕತ್ತಿಗೆ ಸಾಣೆ ಹಿಡಿಯುವವನು. ಕಮಾನಗಾರ ಅಂದರೆ ಬಿಲ್ಲು ಮಾಡುವವನು. ಹೆಸರುಗಳು ಇವತ್ತಿಗೂ ಇವೆ, ಕಸುಬು ಇಲ್ಲ.

ಕಮಾನ್ ಪಾರ್ಸಿ ಪದ, ಅರ್ಥ ಬಿಲ್ಲು. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ದಾರಿಯಲ್ಲಿ ಸಿಗುವ ಮಚ್ಛೆಯಲ್ಲಿ ಈಗ ಕಾರ್ಖಾನೆಗಳಿವೆ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿದೆ. ಆ ರಸ್ತೆಯಲ್ಲಿ ಓಡುವ ಲಾರಿಗಳ ಅಡಿಯ ಬಾಗಿದ ಉಕ್ಕಿನ ಪಟ್ಟಿಗೂ ಕಮಾನು ಅಂತಲೇ ಹೆಸರು. ಹತ್ತಿರದ ಬೆಳಗಾವಿ ಕೋಟೆಯನ್ನು 16ನೇ ಶತಮಾನದಲ್ಲಿ ಬಿಜಾಪುರದ ಆದಿಲ್‌ಶಾಹಿಗಳ ಪರವಾಗಿ ಆಳಿದವರು ಅಸದ್ ಖಾನ್ ಲಾರಿ. ಅಂದಿನ ದಖನ್ ಸೈನ್ಯಗಳಲ್ಲಿ ಫಿರಂಗಿಯ ಜೊತೆಗೆ ಬಿಲ್ಲೂ ಇತ್ತು.

ಆ ಬಿಲ್ಲು ಬರೀ ಬಿದಿರಿನದ್ದಲ್ಲ. ನಡುವೆ ಮರ, ಬಿಲ್ಲುಗಾರನ ಕಡೆಗೆ ಎಮ್ಮೆಯ ಕೊಂಬಿನ ಪಟ್ಟಿ, ಹೊರಮೈಗೆ ಪ್ರಾಣಿಯ ನರದ ಎಳೆಗಳು. ಎಲ್ಲವನ್ನೂ ಹಿಡಿದಿಡುವುದು ಚರ್ಮ, ನರ ಬೇಯಿಸಿದ ಅಂಟು. ಎಳೆದಾಗ ಕೊಂಬು ಒತ್ತಡ ತಾಳುತ್ತದೆ, ನರ ಹಿಗ್ಗುತ್ತದೆ. ಒಂದೊಂದು ಪದರವೂ ಒಣಗಬೇಕು. ಹಾಗಾಗಿ ಒಂದು ಬಿಲ್ಲಿಗೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷವೇ ಬೇಕು. ಹೆದೆ ಬಿಚ್ಚಿದರೆ ಅದು ಉಲ್ಟಾ ಬಾಗಿ ಕೂರುತ್ತದೆ.

ಇದರ ದೊಡ್ಡ ಶತ್ರು ನಮ್ಮ ಮಳೆಗಾಲ. ತೇವಕ್ಕೆ ಅಂಟು ಸಡಿಲವಾಗುತ್ತದೆ. ಮೇಲೆ ಬಣ್ಣ, ಮೆರುಗೆಣ್ಣೆ ಬಳಿಯುತ್ತಿದ್ದುದು ಅಂದಕ್ಕೆ ಮಾತ್ರವಲ್ಲ. ಹಿಂದೂಸ್ತಾನದ ಕಮ್ಮಾರರು ಪೂರ್ತಿ ಉಕ್ಕಿನ ಬಿಲ್ಲುಗಳನ್ನೂ ಮಾಡಿದರು. ಅವು ಕೊಂಬಿನ ಬಿಲ್ಲಿನಷ್ಟು ಚುರುಕಲ್ಲ, ಆದರೆ ವರ್ಷಗಟ್ಟಲೆ ಶಸ್ತ್ರಾಗಾರದಲ್ಲಿಟ್ಟರೂ ಕೆಡುವುದಿಲ್ಲ.

ಯುದ್ಧದ ಬಿಲ್ಲಿನ ಬಿಗಿ ಎಷ್ಟು? ಇಂದಿನ ಒಲಿಂಪಿಕ್ಸ್ ಪುರುಷ ಬಿಲ್ಲುಗಾರರು ಹೆಚ್ಚಾಗಿ 50 ಪೌಂಡ್ ಆಸುಪಾಸಿನ ಬಿಲ್ಲು ಎಳೆಯುತ್ತಾರೆ. ಹಳೆಯ ಯುದ್ಧದ ಬಿಲ್ಲುಗಳಲ್ಲಿ 100 ಪೌಂಡ್ ದಾಟಿದವು ಎಷ್ಟೋ. 110 ಪೌಂಡ್ ಅಂದರೆ ಒಂದು ಸಿಮೆಂಟ್ ಮೂಟೆಯ ಭಾರ. ಅದನ್ನು ಹೆಬ್ಬೆರಳಿಗೆ ಸಿಕ್ಕಿಸಿ ಕಿವಿಯವರೆಗೆ ಎಳೆಯಬೇಕು! ಬೆರಳು ಕೊಯ್ಯದಿರಲು ಕೊಂಬಿನ ಅಥವಾ ಕಲ್ಲಿನ ಉಂಗುರ ತೊಡುತ್ತಿದ್ದರು. 1545ರಲ್ಲಿ ಮುಳುಗಿದ ಇಂಗ್ಲೆಂಡಿನ ಮೇರಿ ರೋಸ್ ಹಡಗಿನಲ್ಲಿ ನೂರಕ್ಕೂ ಹೆಚ್ಚು ಬಿಲ್ಲುಗಳು ಸಿಕ್ಕವು. ಅಲ್ಲಿನ ಕೆಲವು ಅಸ್ಥಿಪಂಜರಗಳ ಭುಜದ ಮೂಳೆಯಲ್ಲಿ ಕಂಡ ವ್ಯತ್ಯಾಸಕ್ಕೆ ಎಳವೆಯಿಂದ ಬಿಲ್ಲು ಎಳೆದದ್ದೇ ಕಾರಣವಿರಬೇಕು ಎಂದು ತಜ್ಞರು ಹೇಳುತ್ತಾರೆ.

ಬಿಲ್ವಿದ್ಯೆ ಕಲಿಯಲು ಪ್ರವಾದಿಯವರು ಪ್ರೋತ್ಸಾಹಿಸಿದ್ದನ್ನು ಮದ್ರಸದಲ್ಲೇ ಕೇಳಿದವರು ನಾವು. ವೀಡಿಯೊ ನೋಡಿ ನೇರವಾಗಿ ಭಾರದ ಬಿಲ್ಲಿಗೇ ಕೈ ಹಾಕಲು ಹೊರಟ ಮಕ್ಕಳಿಗೆ ಮನೆಯವರು ಒಂದು ಮಾತು ಹೇಳಬೇಕು: ಶುರು 20-25 ಪೌಂಡಿನಿಂದ, ಗುರುವಿನ ಕಣ್ಣೆದುರು. ಅವಸರ ಮಾಡಿದರೆ ಹೋಗುವುದು ಭುಜ. ಬಾಣವಿಲ್ಲದೆ ಹೆದೆ ಬಿಟ್ಟರೆ ಬಿಲ್ಲೇ ಮುರಿದೀತು.

ತುರ್ಕಿಯವರು ತಮ್ಮ ಬಿಲ್ವಿದ್ಯೆಯನ್ನು ಮತ್ತೆ ಎತ್ತಿ ನಿಲ್ಲಿಸಿದರು. 2019ರಲ್ಲಿ ಅದು ಯುನೆಸ್ಕೊ ಪಟ್ಟಿಗೂ ಸೇರಿತು. ನಮ್ಮಲ್ಲಿ ಬಂದೂಕು ಬಂದ ಮೇಲೆ ಕಮಾನಗಾರನಿಗೆ ಗಿರಾಕಿ ಇಲ್ಲದಾಯಿತು. ಗಿರಾಕಿ ಇಲ್ಲದ ಕಸುಬನ್ನು ಮಗ ಕಲಿಯುವುದಿಲ್ಲ. ಆ ಅಡ್ಡಹೆಸರಿನ ಮನೆಗಳ ಅಟ್ಟದಲ್ಲಿ ಹಳೆಯ ಉಂಗುರವೋ ಕೊಂಬಿನ ತುಂಡೋ ಇದ್ದರೆ ಗುಜರಿಗೆ ಹಾಕಬೇಡಿ. ಅಜ್ಜ-ಅಜ್ಜಿಯರಿಗೆ ನೆನಪಿದ್ದರೆ ಈಗಲೇ ಕೇಳಿ ಬರೆದಿಡಿ.