ದಶಗ್ರೀವನ ಪೂರ್ವಕಥೆ

ಕಥೆಯೊಂದು ಮುಗಿದ ಮೇಲೆ ಅದರ ಹಿಂದಿನ ಕಥೆಯನ್ನು ಕೇಳಬೇಕೆಂಬ ಬಯಕೆ ಮನುಷ್ಯನಿಗೆ ಹೊಸದಲ್ಲ. ಅದರಲ್ಲಿಯೂ ಕೆಟ್ಟವನ ಹಿಂದಿನ ಕಥೆಯನ್ನು. ಒಳ್ಳೆಯವನು ಏಕೆ ಒಳ್ಳೆಯವನಾದನೆಂದು ಯಾರೂ ಅಷ್ಟಾಗಿ ವಿಚಾರಿಸುವುದಿಲ್ಲ. ಕೆಟ್ಟವನು ಏಕೆ ಕೆಟ್ಟನೆಂಬ ಪ್ರಶ್ನೆಯಾದರೋ ಕಥೆ ಮುಗಿದು ದೀಪ ಆರಿಸಿದ ಮೇಲೂ ಕಾಡುತ್ತಲೇ ಇರುತ್ತದೆ. ನಮ್ಮ ಲಾಕ್ಷಣಿಕರು ಈ ಕಾಟವನ್ನು ಹತ್ತಿರ ಬಿಟ್ಟುಕೊಂಡಂತೆ ತೋರುವುದಿಲ್ಲ. ಧನಂಜಯನ ದಶರೂಪಕವು ಪ್ರತಿನಾಯಕನನ್ನು ಲೋಭಿ, ಧೀರೋದ್ಧತ, ಹಟಮಾರಿ, ಪಾಪಿ, ವ್ಯಸನಿ ಎಂದು ಸಾಲಾಗಿ ಹೆಸರಿಸಿ ಮುಂದೆ ಸಾಗುತ್ತದೆ. ರಾಮನಿಗೆ ರಾವಣ, ಯುಧಿಷ್ಠಿರನಿಗೆ ದುರ್ಯೋಧನ ಎಂದು ಧನಿಕನ ವ್ಯಾಖ್ಯಾನ ಉದಾಹರಣೆ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಲಕ್ಷಣ ದೊರೆಯಿತು, ಕಾರಣ ದೊರೆಯಲಿಲ್ಲ. ಕಾರಣವನ್ನು ಹುಡುಕಿದವರು ಕವಿಗಳು. ಶಿಲ್ಪಿಗಳೂ ಹುಡುಕಿದರೆಂದು ನನ್ನ ನಂಬಿಕೆ.

ಮಲಪ್ರಭೆಯ ದಂಡೆಯ ಪಟ್ಟದಕಲ್ಲಿನಲ್ಲಿ ರಾವಣನ ಬಳಕೆ ಬಹಳ. ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದುದರ ನೆನಪಿಗಾಗಿ ಅವನ ಪಟ್ಟದರಸಿ ಲೋಕಮಹಾದೇವಿಯು ಕ್ರಿ. ಶ. 740ರ ಸುಮಾರಿನಲ್ಲಿ ಕಟ್ಟಿಸಿದ ಲೋಕೇಶ್ವರ, ಅಂದರೆ ಇಂದಿನ ವಿರೂಪಾಕ್ಷ ದೇಗುಲದಲ್ಲಿ, ಕೈಲಾಸವನ್ನೆತ್ತುವ ರಾವಣನಿದ್ದಾನೆ; ಜಟಾಯುವಿನೊಡನೆ ಕಾದುವ ರಾವಣನೂ ಇದ್ದಾನೆ. ಅಲ್ಲಿಂದ ತುಸು ದೂರದ ಪಾಪನಾಥ ಗುಡಿಯ ಹೊರಗೋಡೆಯ ಮೇಲೆ ರಾಮಾಯಣವನ್ನು ಸಾಲಾಗಿ ಕೊರೆದು, ನೋಡುವವರಿಗೆ ಗುರುತು ತಪ್ಪದಿರಲೆಂದು ಪಾತ್ರಗಳ ಹೆಸರನ್ನೂ ಬರೆದಿದ್ದಾರೆ. 1987ರಲ್ಲಿ ಈ ಗುಡಿಗಳ ಸಮೂಹವು ವಿಶ್ವಪರಂಪರೆಯ ಪಟ್ಟಿಗೆ ಸೇರಿದಂದಿನಿಂದ ಇಲ್ಲಿಗೆ ಬರುವವರ ಸಂಖ್ಯೆ ಹೆಚ್ಚಿದೆ. ಬರುವವರಲ್ಲಿ ಬಹುಮಂದಿ ಗೋಪುರವನ್ನು ನೋಡುತ್ತಾರೆ, ನಂದಿಯನ್ನು ನೋಡುತ್ತಾರೆ, ಭಾವಚಿತ್ರ ತೆಗೆಸಿಕೊಳ್ಳುತ್ತಾರೆ. ರಾವಣನ ಮುಂದೆ ನಿಲ್ಲುವವರು ಕಡಿಮೆ.

ಕಳೆದ ಚಳಿಗಾಲ ನನ್ನೊಡನೆ ಬಂದಿದ್ದ ಬಿ. ಎ. ತರಗತಿಯ ಮಕ್ಕಳು ನಿಂತರು. ನಿಂತದ್ದು ರಾವಣನಿಗಾಗಿ ಅಲ್ಲ. ಬಸ್ಸಿನಲ್ಲಿ ಬಾದಾಮಿಯಿಂದಲೇ ಹೊತ್ತಿಕೊಂಡಿದ್ದ ಒಂದು ವಾದವನ್ನು ಮುಗಿಸುವುದಕ್ಕಾಗಿ. ವಾದದ ವಸ್ತು ಅಮೆರಿಕದ ಒಂದು ವೈಜ್ಞಾನಿಕ ಕಲ್ಪನೆಯ ಚಲಚಿತ್ರ. ಜಾರ್ಜ್ ಲ್ಯೂಕಾಸ್ ಎಂಬ ನಿರ್ದೇಶಕ 1977ರಲ್ಲಿ ‘ಸ್ಟಾರ್ ವಾರ್ಸ್’ ಎಂಬ ಚಿತ್ರವನ್ನು ತೆರೆಗೆ ತಂದ. ಅದರಲ್ಲಿ ಕರಿಯ ಮುಖವಾಡದ, ಉಬ್ಬಸದ ಉಸಿರಿನ ಡಾರ್ತ್ ವೇಡರ್ ಎಂಬ ಖಳನಿದ್ದಾನೆ. ಅವನ ಬಾಲ್ಯ ಯೌವನಗಳ ಕಥೆಯನ್ನು 1999, 2002, 2005ರಲ್ಲಿ ಬಂದ ಮೂರು ಪೂರ್ವಕಥಾಚಿತ್ರಗಳು ಹೇಳಿದವು. ನನ್ನ ವಿದ್ಯಾರ್ಥಿಗಳಲ್ಲಿ ಬಹಳ ಜನ ಆಗಿನ್ನೂ ಹುಟ್ಟಿರಲಿಲ್ಲ. ಆದರೂ ಕೈಯಲ್ಲಿ ಹಿಡಿದ ಫೋನಿನಲ್ಲಿಯೇ ಎಲ್ಲವನ್ನೂ ನೋಡಿ ಮುಗಿಸಿದ್ದರು, ನನಗೂ ನೋಡಿಸಿದ್ದರು.

ಕಥೆ ಇಷ್ಟು. ಅನಾಕಿನ್ ಎಂಬ ಹುಡುಗ ಮರಳುಗಾಡಿನ ಲೋಕವೊಂದರಲ್ಲಿ ದಾಸಿಯ ಮಗ. ಜೆಡೈ ಎಂಬ ಯೋಧಯತಿಗಳ ಪಂಥ ಅವನನ್ನು ಬಿಡಿಸಿ ಒಯ್ಯುತ್ತದೆ. ತಾಯಿ ಅಲ್ಲಿಯೇ ಉಳಿಯುತ್ತಾಳೆ. ವರ್ಷಗಳ ಮೇಲೆ ಅವಳು ಅವನ ತೋಳಿನಲ್ಲಿ ಪ್ರಾಣ ಬಿಡುತ್ತಾಳೆ. ಅವಳನ್ನು ಹಿಂಸಿಸಿದವರ ಪಾಳೆಯವನ್ನು ಹೆಂಗಸು ಮಕ್ಕಳೆನ್ನದೆ ಅವನು ಕೊಂದು ಹಾಕುತ್ತಾನೆ. ಮುಂದೆ ಗರ್ಭಿಣಿ ಹೆಂಡತಿ ಹೆರಿಗೆಯಲ್ಲಿ ಸಾಯುವಂತೆ ಅವನಿಗೆ ಕನಸು ಬೀಳುತ್ತದೆ. ಸಾವನ್ನು ತಡೆಯುವ ವಿದ್ಯೆಯೊಂದಿದೆಯೆಂದು ಆಸೆ ತೋರಿಸಿದ ಕುಟಿಲ ರಾಜಕಾರಣಿಗೆ ಶರಣಾಗಿ, ಅವನಿಂದಲೇ ಹೊಸ ಹೆಸರನ್ನು ಪಡೆದು, ಗುರುಮಠದ ಎಳೆಯ ಮಕ್ಕಳ ಮೇಲೆ ಕತ್ತಿ ಎತ್ತುತ್ತಾನೆ. ಯಾರನ್ನು ಉಳಿಸಿಕೊಳ್ಳಲು ಹೊರಟನೋ ಅವಳ ಕೊರಳನ್ನೇ ಕೊನೆಗೆ ಹಿಸುಕುತ್ತಾನೆ.

ಒಂದು ಪಕ್ಷದವರ ಮಾತು: ಇದು ಪ್ರೀತಿಯ ದುರಂತ, ಕಳೆದುಕೊಳ್ಳುವ ಭಯವೇ ಅವನ ಪಾಪದ ಬೀಜ, ತಾಯಿಯನ್ನು ಬಿಡಿಸಿ ತರದ ಗುರುಗಳೇ ಮೊದಲ ಅಪರಾಧಿಗಳು. ಇನ್ನೊಂದು ಪಕ್ಷ: ಪ್ರೀತಿ ಬರಿಯ ನೆಪ, ಅವನಿಗೆ ಬೇಕಾಗಿದ್ದುದು ಅಧಿಕಾರ, ಸಭೆಯಲ್ಲಿ ಸ್ಥಾನ ಕೊಟ್ಟು ಗುರುಪದವಿ ಕೊಡದಿದ್ದುದರ ಕಿಚ್ಚು. ಮೂರನೆಯವನೊಬ್ಬ, “ಹಿಂಗ ಎಲ್ಲಾರ ಹಿಂದಿನ ಕಥಿ ಕೇಳ್ಕೋತ ಹೋದ್ರ ಯಾರೂ ಕೆಟ್ಟವ್ರಲ್ಲ ಅಂತಾತ್ ಬಿಡ್ರಿ ಸರ್” ಎಂದು ನಕ್ಕ. ನನ್ನ ಅಭಿಪ್ರಾಯವನ್ನು ಕೇಳಿದರು. ಭಯವೆಂಬ ಕಾರಣ ಗಟ್ಟಿಯಾದದ್ದೇ, ಆದರೆ ಚಿತ್ರ ಅದನ್ನು ಕೆಲಸಕ್ಕೆ ಹಚ್ಚಿದ ರೀತಿಯಲ್ಲಿ ಅವಸರವಿದೆ ಎಂದೆ. ಕಂಗೆಟ್ಟು ಮೊಣಕಾಲೂರಿದವನು ಮರುಗಳಿಗೆಯಲ್ಲಿ ಮಕ್ಕಳನ್ನು ಕೊಲ್ಲುವವನಾಗಬೇಕಾದರೆ ನಡುವೆ ಒಂದು ರಾತ್ರಿಯಾದರೂ ಬೇಡವೆ? ಅಷ್ಟರಲ್ಲಿ ನಾವು ಕೈಲಾಸದಡಿಯ ರಾವಣನ ಮುಂದೆ ಬಂದಿದ್ದೆವು. ಉತ್ತರಕಾಂಡದ ಮಾತು ತಾನಾಗಿಯೇ ಬಂದಿತು.

ಪಟ್ಟಾಭಿಷೇಕವಾದ ಮೇಲೆ ಋಷಿಗಳು ರಾಮನನ್ನು ಹರಸಲು ಬರುತ್ತಾರೆ. ಇಂದ್ರಜಿತು ಸತ್ತುದನ್ನು ದೊಡ್ಡದಾಗಿ ಕೊಂಡಾಡುತ್ತಾರೆ. ತಂದೆಯನ್ನು ಬಿಟ್ಟು ಮಗನ ಮಾತೇಕೆ ಎಂದು ರಾಮ ಕೇಳುತ್ತಾನೆ. ಆಗ ಅಗಸ್ತ್ಯ, ವಾತಾಪಿಯನ್ನು ಜೀರ್ಣಿಸಿಕೊಂಡ ನಮ್ಮ ಬಾದಾಮಿಯ ಅಗಸ್ತ್ಯನೇ, ರಾವಣನ ಕುಲದ ಕಥೆಯನ್ನು ಬುಡದಿಂದ ಎತ್ತಿಕೊಳ್ಳುತ್ತಾನೆ. ಖಳನ ಪೂರ್ವಕಥೆಗೆ ಮೊದಲ ಶ್ರೋತೃ ಅವನನ್ನು ಕೊಂದವನೇ! ಕೊಂದ ಮೇಲೆ ಕೇಳುತ್ತಾನೆ. ಕಿವಿಗೊಟ್ಟು, ಬೆರಗಿನಿಂದ ಕೇಳುತ್ತಾನೆ. ಅಭಿಮಾನಿಗಳ ವಾದಗಳೆಲ್ಲಕ್ಕೂ ಮೂಲಪುರುಷನೆಂದು ಶ್ರೀರಾಮಚಂದ್ರನನ್ನು ಕರೆದರೆ ತಪ್ಪಾಗದೇನೋ.

ಅಗಸ್ತ್ಯ ಕೊಡುವ ಕಾರಣ ಒಂದಲ್ಲ. ಲಂಕೆ ಮೊದಲು ರಾಕ್ಷಸರದು. ಮಾಲಿ, ಸುಮಾಲಿ, ಮಾಲ್ಯವಂತರು ಅಲ್ಲಿದ್ದವರು. ವಿಷ್ಣುವಿನಿಂದ ಸೋತು ಅವರು ಪಾತಾಳಕ್ಕಿಳಿದ ಮೇಲೆ ಕುಬೇರ ಆ ಪಟ್ಟಣದಲ್ಲಿ ನೆಲೆಸಿದ. ಒಂದು ದಿನ ಪುಷ್ಪಕದಲ್ಲಿ ಹೋಗುವ ಕುಬೇರನನ್ನು ಕಂಡ ಸುಮಾಲಿ ತನ್ನ ಮಗಳು ಕೈಕಸಿಯನ್ನು ಅವನ ತಂದೆ ವಿಶ್ರವಸುವಿನ ಬಳಿಗೇ ಕಳಿಸುತ್ತಾನೆ. ಕಳೆದುಹೋದ ನೆಲವನ್ನು ಮರಳಿ ಪಡೆಯುವ ಹಂಚಿಕೆ ಅದು. ಹುಟ್ಟುವ ಮೊದಲೇ ಮಗುವಿಗೆ ಒಂದು ಕೆಲಸ ನಿಶ್ಚಯವಾಗಿದೆ. ಕೈಕಸಿ ಹೋದದ್ದು ಕ್ರೂರವೇಳೆಯಲ್ಲಿ, ಆದುದರಿಂದ ಮಕ್ಕಳು ಕ್ರೂರರಾಗುವರೆಂದು ಋಷಿ ಹೇಳುತ್ತಾನೆ: ಇದು ವಿಧಿ. ಬೆಳೆದ ದಶಗ್ರೀವನಿಗೆ ತಾಯಿ ಕುಬೇರನನ್ನು ತೋರಿಸಿ, ಅಣ್ಣ ಹೇಗೆ ಬೆಳಗುತ್ತಿದ್ದಾನೆ ನೋಡು, ನೀನು ನೋಡು ಎಂಬರ್ಥದ ಒಂದು ಮಾತನ್ನಾಡುತ್ತಾಳೆ. ಆ ಮಾತಿನ ಉರಿಯಲ್ಲಿ ಅವನು ತಪಸ್ಸಿಗೆ ಹೊರಡುತ್ತಾನೆ. ಹೋದದ್ದೆಲ್ಲಿಗೆ? ಗೋಕರ್ಣಕ್ಕೆ. ನೆಲದ ನ್ಯಾಯ, ವಿಧಿ, ತಾಯಿಯ ಒಂದು ಮಾತು ಇವುಗಳಲ್ಲಿ ಯಾವುದು ಹೆಚ್ಚೆಂದು ಅಗಸ್ತ್ಯ ತೂಗಿ ಹೇಳುವುದಿಲ್ಲ. ನನಗೆ ಕೇಳಿದರೆ ಮೂರನೆಯದು ಎನ್ನುತ್ತೇನೆ. ಮನೆಯೊಳಗೆ ಅಣ್ಣತಮ್ಮಂದಿರನ್ನು ತೂಗಿ ನೋಡುವ ತಕ್ಕಡಿ ಎಷ್ಟು ಸಣ್ಣದೋ ಅದರ ಗಾಯ ಅಷ್ಟು ಆಳ. ದೊಡ್ಡ ಪಾಪಕ್ಕೆ ಚಿಕ್ಕ ಕಾರಣ ಸಾಲದೆಂದು ಚಲಚಿತ್ರದ ಮೇಲೆ ಆಕ್ಷೇಪವೆತ್ತಿದ್ದ ಹುಡುಗರು ಇಲ್ಲಿ ಸ್ವಲ್ಪ ಸುಮ್ಮನಾದರು.

ಇನ್ನು ಕೈಲಾಸದ ಪ್ರಸಂಗ. ಪುಷ್ಪಕ ಬೆಟ್ಟದ ಬಳಿ ನಿಲ್ಲುತ್ತದೆ. ತಡೆದ ನಂದಿಯ ಕೋತಿಮೋರೆಯನ್ನು ಕಂಡು ದಶಗ್ರೀವ ನಗುತ್ತಾನೆ. ಕೋತಿಗಳಿಂದಲೇ ನಿನ್ನ ಕುಲಕ್ಕೆ ನಾಶವೆಂದು ಶಾಪ ಪಡೆಯುತ್ತಾನೆ. ಸಿಟ್ಟಿನಿಂದ ಬೆಟ್ಟದ ಕೆಳಗೆ ತೋಳು ತೂರಿಸಿ ಎತ್ತುತ್ತಾನೆ. ಶಿವ ಕಾಲಿನ ಹೆಬ್ಬೆರಳಿನಿಂದ ಒತ್ತುತ್ತಾನೆ. ತೋಳು ಸಿಕ್ಕಿಕೊಂಡವನು ಮೂರು ಲೋಕ ನಡುಗುವಂತೆ ಕೂಗುತ್ತಾನೆ. ಬಹುಕಾಲ ಸ್ತುತಿಸಿ ಬಿಡುಗಡೆಯನ್ನೂ ಚಂದ್ರಹಾಸವನ್ನೂ ಪಡೆಯುತ್ತಾನೆ. ಆ ಕೂಗಿನಿಂದಲೇ ಅವನಿಗೆ ‘ರಾವಣ’ ಎಂಬ ಹೆಸರು. ಅಲ್ಲಿಯವರೆಗೆ ಅವನು ಬರಿಯ ದಶಗ್ರೀವ. ಆ ಹೆಸರು ನೋವಿನಲ್ಲಿ ಹುಟ್ಟಿದ್ದು, ಗೆದ್ದವನು ಇಟ್ಟದ್ದು. ಅನಾಕಿನ್ನನಿಗೂ ಹೆಸರು ಹೀಗೆಯೇ ಬಂದದ್ದಲ್ಲವೆ ಎಂದು ಒಬ್ಬ ಹುಡುಗ ಥಟ್ಟನೆ ಹೇಳಿದ. ಹೌದು, ಆದರೆ ಅಲ್ಲಿ ಹೆಸರಿಟ್ಟವನು ವಂಚಕ, ಇಲ್ಲಿ ದೇವರು. ಈ ವ್ಯತ್ಯಾಸ ಚಿಕ್ಕದಲ್ಲ. ನಮ್ಮ ಶಿಲ್ಪಶಾಸ್ತ್ರಜ್ಞರು ಈ ಮೂರ್ತಿಯನ್ನು ರಾವಣಾನುಗ್ರಹ ಎನ್ನುತ್ತಾರೆ. ಅನುಗ್ರಹ!

ಆಗ, ಅಷ್ಟು ಹೊತ್ತೂ ಜಟಾಯುವಿನ ಶಿಲ್ಪವನ್ನೇ ನೋಡುತ್ತ ನಿಂತಿದ್ದ ಹುಡುಗಿಯೊಬ್ಬಳು ಕೇಳಿದಳು: “ಸರ್, ಕಾರಣ ಎಲ್ಲಾ ಆತಂದು ಕೇಳಿದ್ವಿ. ಆಕೀದು ಯಾರು ಕೇಳವ್ರು?”

ಅವಳು ಕೇಳಿದ್ದು ಕೊರಳು ಹಿಸುಕಿಸಿಕೊಂಡ ಹೆಂಡತಿಯ ವಿಷಯವೋ ಸೀತೆಯ ವಿಷಯವೋ ತಿಳಿಯದು, ಎರಡೂ ಇದ್ದೀತು. ಈ ಪ್ರಶ್ನೆಗೆ ಉತ್ತರಕಾಂಡದಲ್ಲಿ ಉತ್ತರವಿದೆ. ಹೊಸ ಹೆಸರು, ಹೊಸ ಖಡ್ಗಗಳನ್ನು ಪಡೆದು ರಾವಣ ಕೈಲಾಸದಿಂದ ಇಳಿದ ಮೇಲೆ ಕವಿ ಹೇಳುವ ಮುಂದಿನ ಕಥೆಯೇ ವೇದವತಿಯದು. ಹಿಮವಂತನ ಕಾಡಿನಲ್ಲಿ ತಪಸ್ಸು ಮಾಡುತ್ತಿದ್ದ ಆ ಕನ್ಯೆಯ ಮುಡಿಗೆ ಅವನು ಕೈಹಾಕುತ್ತಾನೆ. ಅವನು ಮುಟ್ಟಿದ ಕೂದಲನ್ನು ಕತ್ತರಿಸಿ, ನಿನ್ನ ವಧೆಗಾಗಿಯೇ ಮತ್ತೆ ಹುಟ್ಟುವೆನೆಂದು ಅವಳು ಬೆಂಕಿ ಹೊಗುತ್ತಾಳೆ. ಖಳನ ನೋವನ್ನು ಹೇಳಿದ ಬಾಯಿಂದಲೇ, ಒಂದು ಸರ್ಗವೂ ಕಳೆಯದೆ, ಅವನು ಕೊಟ್ಟ ನೋವನ್ನೂ ಹೇಳಿಸಿದ ಹಳೆಯ ಕವಿಯ ಎಚ್ಚರವನ್ನು ನಾನು ಮೆಚ್ಚುತ್ತೇನೆ.

ಕನ್ನಡದಲ್ಲಿ ಇದಕ್ಕೆ ಬೇರೊಂದು ದಾರಿ ಹಿಡಿದವನು ನಾಗಚಂದ್ರ. ಅವನ ‘ರಾಮಚಂದ್ರಚರಿತಪುರಾಣ’ದ ರಾವಣ ರಾಕ್ಷಸನಲ್ಲ, ವಿದ್ಯಾಧರ, ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂಬ ವ್ರತ ತೊಟ್ಟವನು. ಬಿ. ಎಂ. ಶ್ರೀಕಂಠಯ್ಯನವರು ಇವನನ್ನು ಗ್ರೀಕ್ ದುರಂತನಾಯಕರ ಪಕ್ಕದಲ್ಲಿಟ್ಟು ನೋಡಿದ ಮೇಲೆ ಕನ್ನಡ ತರಗತಿಗಳಲ್ಲಿ ಈ ರಾವಣ ಮೊದಲಿನವನಾಗಿ ಉಳಿಯಲಿಲ್ಲ. ಇಲ್ಲಿ ಖಳನ ಮನಸ್ಸು ತಿರುಗುವುದು ಬಾಲ್ಯದ ಯಾವ ಗಾಯದಿಂದಲೂ ಅಲ್ಲ. ತನ್ನ ಮಾತು ಕೇಳಿ ಸೀತೆ ಮೂರ್ಛೆ ಹೋಗುತ್ತಾಳೆ, ಅದನ್ನು ಕಣ್ಣಾರೆ ಕಾಣುತ್ತಾನೆ, ಕಂಡು ಮರುಗುತ್ತಾನೆ. ಹುಡುಗಿ ಕೇಳಿದ ‘ಆಕಿ’ ಇಲ್ಲಿ ಕಾವ್ಯದ ನಡುಮಧ್ಯದಲ್ಲಿದ್ದಾಳೆ. ಕುವೆಂಪು ಅವರೂ 1949ರ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ದಶಾನನನಿಗೆ ಸ್ವಪ್ನಸಿದ್ಧಿಯನ್ನು ಕೊಟ್ಟಿದ್ದಾರೆ, ಅದರ ಎತ್ತರ ಬೇರೆ, ಅದಕ್ಕೆ ಬೇರೆಯೇ ಲೇಖನ ಬೇಕು.

ಇದೇ ಬಾಗಲಕೋಟೆ ಜಿಲ್ಲೆಯ ಮುಧೋಳದವನು, ಬಳೆಗಾರರ ಕುಲದ ರನ್ನ. ಅವನ ದುರ್ಯೋಧನ ರಣರಂಗದಲ್ಲಿ ತನ್ನವರ ಹೆಣಗಳ ನಡುವೆ ನಡೆಯುತ್ತ, ಶತ್ರುವಿನ ಮಗ ಅಭಿಮನ್ಯುವಿನ ಮುಂದೆಯೂ ನಿಂತು ಅವನ ಪೌರುಷವನ್ನು ಹೊಗಳುತ್ತಾನೆ. ಅವನು ಹಿಂದೆ ಏನು ಮಾಡಿದನೆಂಬುದನ್ನು ರನ್ನ ಮರೆಸುವುದಿಲ್ಲ. ಆದರೂ ಆ ಹೊತ್ತಿನಲ್ಲಿ ಅವನನ್ನು ಹಳಿಯಲು ನಾಲಗೆ ಏಳುವುದಿಲ್ಲ. ಖಳನೆಂಬುದು ಯಾರ ಕಡೆ ನಿಂತು ನೋಡುತ್ತೇವೆಂಬುದನ್ನೂ ಹೊಂದಿಕೊಂಡಿದೆ. 642ರಲ್ಲಿ ಬಾದಾಮಿಯನ್ನು ಹಾಳುಗೆಡವಿದ ಪಲ್ಲವ ನರಸಿಂಹವರ್ಮ ನಮಗೆ ಖಳ. ತಮಿಳರಿಗೆ ‘ವಾತಾಪಿಕೊಂಡ’ ವೀರ. ಕಲ್ಕಿಯವರ ‘ಶಿವಕಾಮಿಯಿನ್ ಶಪದಂ’ ಕಾದಂಬರಿಯನ್ನೋದುವ ತಮಿಳರಿಗೆ ನಮ್ಮ ಪುಲಕೇಶಿಯೇ ಶತ್ರು. ಅದೇ ಕಂಚಿಯನ್ನು ಗೆದ್ದ ವಿಕ್ರಮಾದಿತ್ಯನಾದರೋ ಅಲ್ಲಿಯ ರಾಜಸಿಂಹೇಶ್ವರದ ಸಂಪತ್ತನ್ನು ದೇವರಿಗೇ ಮರಳಿ ಒಪ್ಪಿಸಿದನೆಂದು ಅಲ್ಲಿಯ ಕಂಬದ ಮೇಲೆ ಕನ್ನಡದಲ್ಲಿಯೇ ಬರೆಸಿದ್ದಾನೆ.

ಮರಳಿ ಒಪ್ಪಿಸುವ ಮಾತು ಬಂದಿತು. ನಾಗಚಂದ್ರನ ರಾವಣನೂ ಸೀತೆಯನ್ನು ಮರಳಿ ಒಪ್ಪಿಸಬೇಕೆಂದು ನಿಶ್ಚಯಿಸುತ್ತಾನೆ. ಆದರೆ ಈಗ ಒಪ್ಪಿಸಿದರೆ ಲೋಕ ಹೆದರಿದನೆಂದೀತು. ಆದುದರಿಂದ ಯುದ್ಧದಲ್ಲಿ ರಾಮಲಕ್ಷ್ಮಣರನ್ನು ಸೆರೆಹಿಡಿದು, ಗೆದ್ದವನಾಗಿ, ಆಮೇಲೆ ಒಪ್ಪಿಸುವುದು. ಪಶ್ಚಾತ್ತಾಪವೂ ಅಭಿಮಾನವೂ ಒಂದೇ ಉಸಿರಿನಲ್ಲಿ. ಆ ಯುದ್ಧದಲ್ಲಿ ಅವನು ಲಕ್ಷ್ಮಣನ ಕೈಯಲ್ಲಿ ಸಾಯುತ್ತಾನೆ. ಮಲಪ್ರಭೆಯ ಮೆಟ್ಟಿಲುಗಳ ಮೇಲೆ ಬುತ್ತಿ ಬಿಚ್ಚಿದಾಗಲೂ ಚರ್ಚೆ ಇದರ ಮೇಲೆಯೇ ನಡೆಯಿತು: ಒಂದು ವೇಳೆ ಗೆದ್ದಿದ್ದರೆ ಅವನು ನಿಜವಾಗಿ ಒಪ್ಪಿಸುತ್ತಿದ್ದನೆ? ಒಪ್ಪಿಸುತ್ತಿದ್ದ ಎಂದು ನಾನು. ಕವಿ ಅವನ ಮರುಕವನ್ನು ನಟನೆಯಾಗಿ ಬರೆದಿಲ್ಲ. ಹುಡುಗರಲ್ಲಿ ಅರ್ಧ ಜನ ನನ್ನ ಕಡೆ. ಜಟಾಯುವಿನ ಮುಂದೆ ನಿಂತಿದ್ದ ಹುಡುಗಿ ಮಾತ್ರ, ಒಪ್ಪಿಸುವವನಾಗಿದ್ದರೆ ಗೆಲ್ಲುವವರೆಗೂ ಅವಳು ಅಲ್ಲಿ ಏಕೆ ಕುಳಿತಿರಬೇಕಾಗಿತ್ತು ಎಂದಳು. ರೊಟ್ಟಿ ಮುಗಿದು ಬಸ್ಸು ಹೊರಟಿತು. ಐಹೊಳೆಯ ದಾರಿಯಲ್ಲಿಯೂ ಇಬ್ಬರು ಅವಳಿಗೆ ಉತ್ತರ ಹುಡುಕುತ್ತಿದ್ದರು.